ಪಡಸಾಲೆಯ ಬಿಗೋನಿಯಾಕ್ಕೆ ಹುಳ ಬಿದ್ದರೆ

ಬಿಗೋನಿಯಾ ನಮ್ಮ ಬೀಳಗಿ ಸೀಮೆಯ ಗಿಡವಲ್ಲ. ಅದಕ್ಕೆ ನೆರಳು ಬೇಕು, ತಂಪು ಬೇಕು, ಗಾಳಿಯಲ್ಲಿ ತೇವ ಬೇಕು. ಈ ಮೂರೂ ನಮ್ಮಲ್ಲಿ ಮಳೆಗಾಲದಿಂದ ದೀಪಾವಳಿ ತನಕ ಅಷ್ಟಿಷ್ಟು ಸಿಕ್ಕಾವು, ಉಳಿದ ದಿನ ಇಲ್ಲ. ಇದರ ಕಾಡುಜಾತಿಗಳು ಪಶ್ಚಿಮ ಘಟ್ಟದಲ್ಲಿ ನೀರು ಜಿನುಗುವ ಬಂಡೆಗಳ ಸಂದಿಯಲ್ಲಿ ತಾವಾಗಿ ಬೆಳೆಯುತ್ತವೆ. ಆದರೂ ಶಿರಸಿ ಕಡೆಗೋ ಬೆಳಗಾವಿ ಕಡೆಗೋ ಹೋದವರು ಒಂದು ಟೊಂಗೆ ತಂದಿರುತ್ತಾರೆ, ಅದು ಮನೆಯಿಂದ ಮನೆಗೆ ಹಬ್ಬುತ್ತದೆ. ಹಳೇ ಡಬ್ಬಿ, ಒಡೆದ ಕೊಡ, ಸಿಮೆಂಟ್ ಕುಂಡ ಎಲ್ಲದರಲ್ಲೂ ಈಗ ಇದನ್ನು ಕಾಣಬಹುದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಮನೆಗಳಲ್ಲಂತೂ ಅಂಗಳದ ಗಿಡಗಳ ಮೇಲೆ ಒಂದು ತೂಕ ಹೆಚ್ಚೇ ಪ್ರೀತಿ.

ರೈತರ ಪತ್ರಿಕೆಯಲ್ಲಿ ಹೂಕುಂಡದ ಸುದ್ದಿ ಯಾಕೆ ಎಂದು ಕೇಳುವವರಿದ್ದಾರೆ. ಒಂದನೆಯದು, ಬಿಗೋನಿಯಾಕ್ಕೆ ಬೀಳುವ ಹುಳ ಬಿಗೋನಿಯಾದ್ದೇ ಅಲ್ಲ. ಹಿತ್ತಲ ದಾಸವಾಳ, ಪಪ್ಪಾಯಿ, ಬದನೆ, ಮೆಣಸಿನ ಗಿಡ, ಆಚೆ ಹೊಲದ ಹತ್ತಿ, ದಾಳಿಂಬೆಗೆ ಬೀಳುವ ಹುಳಗಳೇ ಇಲ್ಲಿಗೂ ಬರುತ್ತವೆ, ಇಲ್ಲಿಂದ ಅಲ್ಲಿಗೂ ಹೋಗುತ್ತವೆ. ಎರಡನೆಯದು ಇನ್ನೂ ದೊಡ್ಡದು. ಕುಂಡದ ಗಿಡಕ್ಕೆ ಹುಳ ಕಂಡ ಕೂಡಲೆ ಮನೆಯವರು ಗಂಡಸರಿಗೆ ಹೇಳುತ್ತಾರೆ. ಅವರು ಹೊಲಕ್ಕೆ ಹೊಡೆದು ಉಳಿದ ಎಣ್ಣೆಯ ಬಾಟಲಿ ತಂದು, ಮುಚ್ಚಳದಲ್ಲಿ ಅಂದಾಜಿಗೆ ಅಳೆದು, ಪಡಸಾಲೆಯಲ್ಲೇ ಹೊಡೆಯುತ್ತಾರೆ. ಅದೇ ಪಡಸಾಲೆಯಲ್ಲಿ ಕೂಸು ಅಂಬೆಗಾಲಿಡುತ್ತದೆ. ಪಕ್ಕದಲ್ಲೇ ತುಳಸಿ, ಕರಿಬೇವು ಇರುತ್ತವೆ. ಒಂದು ಹೂಗಿಡದ ಸಲುವಾಗಿ ಇಷ್ಟು ಗಂಡಾಂತರ ಬೇಕಾಗಿಲ್ಲ. ಹುಳ ಯಾವುದೆಂದು ಗೊತ್ತಾದರೆ ಹತ್ತರಲ್ಲಿ ಒಂಬತ್ತು ಸಲ ನೀರು, ಸಾಬೂನು, ಬೇವು ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ನೋಡುವುದು ಹೇಗೆ

ಎಲೆಯ ಮೇಲ್ಭಾಗ ನೋಡಿ ಹುಳ ಇಲ್ಲ ಎನ್ನಬೇಡಿ. ಎಲೆ ತಿರುವಿ ಹಾಕಬೇಕು. ನರಗಳ ಗುಂಟ, ಎಲೆ ತೊಟ್ಟು ದಂಟಿಗೆ ಕೂಡುವ ಸಂದಿಯಲ್ಲಿ, ಇನ್ನೂ ಬಿಚ್ಚದ ಸುಳಿಯಲ್ಲಿ, ಮೊಗ್ಗಿನ ಬುಡದಲ್ಲಿ ನೋಡಬೇಕು. ಬಿಳಿ ಹಾಳೆಯೊಂದನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ಬೆರಳಿನಿಂದ ನಾಲ್ಕು ಸಲ ತಟ್ಟಿ. ಹಾಳೆಯ ಮೇಲೆ ಬಿದ್ದ ಧೂಳು ಸುಮ್ಮನಿರುತ್ತದೆ, ಹುಳವಾಗಿದ್ದರೆ ನಡೆಯುತ್ತದೆ. ಹತ್ತಿ ಬೆಳೆಯುವವರು ಇಟ್ಟುಕೊಳ್ಳುವ ಸಣ್ಣ ಮಸೂರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಶಾಲೆಗೆ ಹೋಗುವ ಹುಡುಗರನ್ನು ಕರೆಯಿರಿ, ಅವರ ಕಣ್ಣು ಮಸೂರಕ್ಕೇನೂ ಕಡಿಮೆಯಿಲ್ಲ.

ಇನ್ನೊಂದು ಗುರುತು ಇರುವೆ. ಕುಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ ಮೇಲೆ ಎಲ್ಲೋ ರಸ ಹೀರುವ ಹುಳ ಕೂತಿದೆ ಎಂದೇ ಲೆಕ್ಕ. ಎಲೆ ಮುಟ್ಟಿದರೆ ಅಂಟು ಅಂಟು, ಮೇಲೆ ಮಸಿ ಬಳಿದ ಹಾಗೆ ಕಪ್ಪು ಇದ್ದರೂ ಅದೇ ಮಾತು. ಹುಳಗಳು ಹೀರಿದ ರಸದಲ್ಲಿ ಹೆಚ್ಚಾದ ಸಿಹಿಯನ್ನು ಹೊರಗೆ ಬಿಡುತ್ತವೆ, ಆ ಸಿಹಿಯ ಮೇಲೆ ಬೆಳೆಯುವ ಬೂಷ್ಟು ಈ ಮಸಿ.

ಹಿಟ್ಟು ತಿಗಣೆ

ನಮ್ಮ ಕಡೆ ಕುಂಡದ ಗಿಡ ಕೆಡಿಸುವುದರಲ್ಲಿ ಇದೇ ಮೊದಲು. ಕಂಡವರು "ಎಲಿ ಮ್ಯಾಲೆ ಯಾರೋ ಹಿಟ್ಟು ಉದುರಿಸ್ಯಾರ ನೋಡ್ರಿ" ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ ಅರಳೆಯ ಸಣ್ಣ ಉಂಡೆಗಳ ಹಾಗೆ ಕಾಣುತ್ತದೆ. ಕಡ್ಡಿಯಿಂದ ಕೆದರಿದರೆ ಒಳಗೆ ಮೆತ್ತಗಿನ, ಮೂರು ನಾಲ್ಕು ಮಿಲಿಮೀಟರಿನ, ಮೊಟ್ಟೆಯಾಕಾರದ ಹುಳ. ಹೆಣ್ಣಿಗೆ ರೆಕ್ಕೆ ಇಲ್ಲ. ಅರಳೆಯಂಥ ಚೀಲದಲ್ಲಿ ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳ ಮೈಮೇಲೆ ಮೊದಲು ಹಿಟ್ಟು ಇರುವುದಿಲ್ಲ, ಅವು ಚುರುಕಾಗಿ ಓಡಾಡುತ್ತವೆ. ಗಾಳಿಗೆ ಹಾರುತ್ತವೆ, ಇರುವೆ ಹೊತ್ತೊಯ್ಯುತ್ತದೆ, ನಮ್ಮ ಸೀರೆ ಧೋತರಕ್ಕೂ ಹತ್ತಿಕೊಂಡು ಹೋಗುತ್ತವೆ. ಹಿಟ್ಟು ಮೈತುಂಬ ಹತ್ತಿದ ಮೇಲೆ ಮೇಣದ ಆ ಹೊದಿಕೆ ದಾಟಿ ಯಾವ ಔಷಧವೂ ಸರಿಯಾಗಿ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಇದಕ್ಕೆ ಹೊಡೆತ ಕೊಡಬೇಕಾದದ್ದು ಮರಿ ಇರುವಾಗ. ಒಂದು ಸಲ ಹೊಡೆದು ಬಿಟ್ಟರೆ ಚೀಲದೊಳಗಿನ ಮೊಟ್ಟೆ ಉಳಿದೇ ಉಳಿಯುತ್ತವೆ. ವಾರಕ್ಕೊಮ್ಮೆ, ಮೂರು ನಾಲ್ಕು ವಾರ ಬಿಡದೆ ಮಾಡಬೇಕು.

ಇದನ್ನು ಬೂದಿರೋಗ ಎಂದು ತಿಳಿದು ಗಂಧಕ ಹೊಡೆಯುವವರಿದ್ದಾರೆ. ಬಿಗೋನಿಯಾಕ್ಕೆ ಬೂದಿರೋಗವೂ ಬರುತ್ತದೆ, ಅದೂ ಬೆಳ್ಳಗೆ. ಆದರೆ ಬೂದಿರೋಗ ಎಲೆಯ ಮೇಲೆ ತೆಳ್ಳಗೆ, ಸುಣ್ಣದ ಕೈ ಒತ್ತಿದ ಹಾಗೆ ಹರಡಿರುತ್ತದೆ. ಬೆರಳಲ್ಲಿ ತಿಕ್ಕಿದರೆ ಪುಡಿ ಬರುತ್ತದೆ, ಹುಳದ ರಸ ಬರುವುದಿಲ್ಲ. ಅಂಟು ಇಲ್ಲ, ಇರುವೆ ಇಲ್ಲ. ಹಿಟ್ಟು ತಿಗಣೆ ಸಂದಿಗಳಲ್ಲಿ ಗುಂಪಾಗಿ ಕೂತಿರುತ್ತದೆ, ತಿಕ್ಕಿದರೆ ಬೆರಳು ಒದ್ದೆಯಾಗುತ್ತದೆ.

ಮೂರನೆಯ ಬಿಳಿಯೊಂದಿದೆ, ಅದನ್ನು ಮಾತ್ರ ಕೊಲ್ಲಬಾರದು. ಆಸ್ಟ್ರೇಲಿಯಾ ಮೂಲದ ಒಂದು ಗುಲಗಂಜಿ ಹುಳು, ಕ್ರಿಪ್ಟೋಲೀಮಸ್ ಎಂದು ಹೆಸರು, 1898ರಲ್ಲೇ ನಮ್ಮ ದೇಶಕ್ಕೆ ತಂದದ್ದು. ಅದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳು ಜೋಲಾಡುತ್ತವೆ. ನೋಡಿದ ಕೂಡಲೆ ದೊಡ್ಡ ಹಿಟ್ಟು ತಿಗಣೆಯೇ ಎನಿಸುತ್ತದೆ. ಆದರೆ ಅದು ತಿಗಣೆಗಿಂತ ಎರಡು ಮೂರು ಪಟ್ಟು ಉದ್ದ, ಎಳೆಗಳೂ ಉದ್ದ, ನಡಿಗೆ ಚುರುಕು, ತಿಗಣೆಗಳ ನಡುವೆ ನುಗ್ಗಿ ಅವನ್ನೇ ತಿನ್ನುತ್ತದೆ. ಬೆಳೆದ ಹುಳು ಕರಿ ಮೈ, ಕಿತ್ತಳೆ ತಲೆ. ದ್ರಾಕ್ಷಿ, ಕಾಫಿ ತೋಟಗಳಿಗೆ ಇದನ್ನು ಸಾಕಿ ಬಿಡುತ್ತಾರೆ. ದಾಸವಾಳದ ಮೇಲೆ ಇದು ತಾನಾಗಿ ಬಂದದ್ದು ಕಂಡರೆ ಹದಿನೈದು ದಿನ ಏನನ್ನೂ ಹೊಡೆಯದೆ ಕಾಯಿರಿ. ಹಾಗೆಯೇ ಸತ್ತು ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಬೆನ್ನಲ್ಲಿ ದುಂಡಗೆ ತೂತಿರುವ ತಿಗಣೆಗಳು ಕಂಡರೂ ಸಂತೋಷಪಡಿ. ಅದರೊಳಗಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಹೊರಬಿದ್ದು ಮುಂದಿನ ತಿಗಣೆಯನ್ನು ಹುಡುಕುತ್ತ ಹೋಗಿದೆ. ಎಲೆಯ ಮೇಲೆ ಕೂದಲೆಳೆಯಂಥ ಕಡ್ಡಿಯ ತುದಿಗೆ ಮೊಟ್ಟೆ ನಿಂತದ್ದು ಕಂಡರೆ ಅದೂ ನಮ್ಮ ಕಡೆಯದೇ, ಹಸಿರು ಜಾಲರೆಕ್ಕೆಯ ಹುಳುವಿನ ಮೊಟ್ಟೆ.

ಇದೆಲ್ಲ ಪುಸ್ತಕದ ಮಾತಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನವರು 2002ರ ಆಚೀಚೆ ಬಿಳಿ ಉಣ್ಣೆ ಹೇನು ಬಂದ ಕಾಲವನ್ನು ಮರೆತಿರಲಾರರು. ಗರಿಯ ತಳ ಬೆಳ್ಳಗೆ, ಮೇಲೆಲ್ಲ ಮಸಿ. ಎತ್ತರ ಬೆಳೆದ ಕಬ್ಬಿನೊಳಗೆ ನುಗ್ಗಿ ಔಷಧ ಹೊಡೆಯುವುದಕ್ಕೂ ಆಗದು. ಕಡೆಗೆ ಕೈಹಿಡಿದದ್ದು ಡೈಫಾ ಎಂಬ ಪತಂಗದ ಮರಿ ಮತ್ತು ಮೈಕ್ರೋಮಸ್ ಎಂಬ ಹುಳು. ಅವು ಇದ್ದ ಹೊಲದ ಗರಿ ಕೊಯ್ದು ತಂದು ಇಲ್ಲದ ಹೊಲಕ್ಕೆ ಕಟ್ಟಿದ್ದೆವು.

ಪಪ್ಪಾಯಿಯ ಕಥೆಯೂ ಹಾಗೇ. ಮೆಕ್ಸಿಕೊ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ನಮ್ಮ ರಾಜ್ಯಕ್ಕೂ ಹಬ್ಬಿ, ಪಪ್ಪಾಯಿ ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡಿತು. ದಾಸವಾಳ, ಪಾರ್ಥೇನಿಯಂ ಕಸ ಯಾವುದೂ ಅದಕ್ಕೆ ಬೇಡವಾಗಲಿಲ್ಲ. ರೈತರು ಔಷಧ ಬದಲಿಸಿ ಬದಲಿಸಿ ಹೊಡೆದು ಸೋತರು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಮೂರು ಜಾತಿಯ ಸಣ್ಣ ಕಣಜ ತರಿಸಿ ಬಿಟ್ಟರು. ಅದರಲ್ಲಿ ಅಸಿರೋಫೇಗಸ್ ಎಂಬುದು ಹಬ್ಬಿದ ಕಡೆಯೆಲ್ಲ ತಿಗಣೆ ಇಳಿಯಿತು. ಔಷಧ ಹೊಡೆಯುತ್ತಲೇ ಇದ್ದ ತೋಟಗಳಲ್ಲಿ ಕಣಜಗಳೂ ಸತ್ತವು, ಅಲ್ಲಿ ಕೆಲಸ ತಡವಾಯಿತು.

ಕುಂಡದಲ್ಲಿ ಏನು ಮಾಡಬೇಕು

ಮೊದಲು ಗಿಡವನ್ನು ಉಳಿದ ಗಿಡಗಳಿಂದ ದೂರ ಇಡಿ. ಹೆಚ್ಚು ಹತ್ತಿದ ಎಲೆ, ಟೊಂಗೆ ಕತ್ತರಿಸಿ ಸುಡಿ. ತಿಪ್ಪೆಗೆ ಒಗೆದರೆ ಅಲ್ಲಿಂದ ನಡೆದು ಬರುತ್ತವೆ. ಉಳಿದ ತಿಗಣೆಗಳಿಗೆ ಅರಳೆ ಸುತ್ತಿದ ಕಡ್ಡಿಯನ್ನು ಔಷಧ ಅಂಗಡಿಯಲ್ಲಿ ಸಿಗುವ ಸ್ಪಿರಿಟಿನಲ್ಲಿ ಅದ್ದಿ ಒಂದೊಂದಕ್ಕೇ ಮುಟ್ಟಿಸಿ. ಮೇಣ ಕರಗಿ ಹುಳ ಅಲ್ಲೇ ಸಾಯುತ್ತದೆ. ಎಲೆಗೆಲ್ಲ ಸವರಬೇಡಿ, ಸುಡುತ್ತದೆ. ಒಲೆ, ದೀಪದ ಹತ್ತಿರ ಈ ಕೆಲಸ ಬೇಡ. ಒಂದೆರಡು ಗಿಡವಾದರೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಮಧ್ಯಾಹ್ನ ಕೂತು ಹರಟೆ ಹೊಡೆಯುತ್ತಲೇ ಮಾಡಬಹುದು.

ಗಿಡ ಹೆಚ್ಚಿದ್ದರೆ ಸಾಬೂನಿನ ನೀರು. ಬಟ್ಟೆ ತೊಳೆಯುವ ಪುಡಿ ಬೇಡ, ಅದರ ಖಾರಕ್ಕೆ ಎಲೆ ಸುಡುತ್ತದೆ. ಸಾದಾ ಬಾರ್ ಸಾಬೂನು ಹೆರೆದು ಒಂದು ಲೀಟರಿಗೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ, ಬಿಸಿ ನೀರಲ್ಲಿ ಕರಗಿಸಿ ಆರಿಸಿ. ಸಣ್ಣ ಕೈಪಂಪಿನಿಂದ ಎಲೆಯ ತಳಕ್ಕೆ, ಸಂದಿಗಳಿಗೆ ತಾಗುವಂತೆ ಹೊಡೆಯಬೇಕು. ಸಾಬೂನು ಹುಳದ ಮೈಗೆ ತಾಗಿದರೆ ಮಾತ್ರ ಕೊಲ್ಲುತ್ತದೆ, ಒಣಗಿದ ಮೇಲೆ ಅದಕ್ಕೆ ಶಕ್ತಿ ಇಲ್ಲ. ಒಂದು ತಾಸಿನ ನಂತರ ಬರೀ ನೀರಿನಿಂದ ತೊಳೆದುಬಿಡಿ.

ಬಿಗೋನಿಯಾದ ವಿಷಯದಲ್ಲಿ ಇಲ್ಲೊಂದು ಎಚ್ಚರ ಬೇಕು. ದಾಸವಾಳದ ಎಲೆ ತಡೆಯುವುದನ್ನು ಇದರ ಎಲೆ ತಡೆಯುವುದಿಲ್ಲ. ಮೇಣದಂಥ ಸಣ್ಣ ಎಲೆಯ, ಸದಾ ಹೂ ಬಿಡುವ ಜಾತಿ ಅಷ್ಟಿಷ್ಟು ಗಟ್ಟಿ. ಬೆಳ್ಳಿ, ಕೆಂಪು, ಕಪ್ಪು ಬಣ್ಣದ ಅಗಲೆಲೆಯ ರೆಕ್ಸ್ ಜಾತಿಗೆ ಎಲೆ ಮೇಲೆ ರೋಮ ಇರುತ್ತದೆ, ಅಲ್ಲಿ ಹನಿ ನಿಂತು ಕಲೆ ಬೀಳುತ್ತದೆ. ಯಾವುದನ್ನೇ ಆಗಲಿ ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ. ಹೊಡೆಯುವುದು ಬೆಳಿಗ್ಗೆ, ಬಿಸಿಲೇರುವ ಮೊದಲು. ಸಂಜೆ ಹೊಡೆದರೆ ರಾತ್ರಿಯೆಲ್ಲ ಎಲೆ ತೊಯ್ದು ಕೊಳೆರೋಗ ಬಂದೀತು.

ಬೇವಿನ ಬೀಜದ ಕಷಾಯವನ್ನು ಹೊಲಕ್ಕೆ ಮಾಡುವವರಿಗೆ ಅಳತೆ ಗೊತ್ತಿದೆ, ನೂರು ಲೀಟರಿಗೆ ಐದು ಕಿಲೊ ತಿರುಳು. ಕುಂಡದ ಲೆಕ್ಕಕ್ಕೆ ಲೀಟರಿಗೆ ಐವತ್ತು ಗ್ರಾಂ. ತಿರುಳನ್ನು ಜಜ್ಜಿ ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿಂಡಿ ಸೋಸಿ, ಚಿಟಿಕೆ ಸಾಬೂನು ಸೇರಿಸಿ ಅಂದೇ ಹೊಡೆದು ಮುಗಿಸಬೇಕು. ನಮ್ಮ ಬದುಗಳಲ್ಲಿ ಬೇವಿಗೇನು ಬರ? ಹಣ್ಣು ಉದುರುವ ದಿನಗಳಲ್ಲಿ ಆರಿಸಿ, ಸಿಪ್ಪೆ ತೆಗೆದು, ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಇಟ್ಟರೆ ವರ್ಷಕ್ಕಾಗುತ್ತದೆ. ಬೇವು ಕೂಡಲೆ ಕೊಲ್ಲುವುದಿಲ್ಲ. ಹುಳ ತಿನ್ನುವುದನ್ನು ಬಿಡುತ್ತದೆ, ಮರಿ ಪೊರೆ ಬಿಡಲಾರದೆ ಸಾಯುತ್ತದೆ. ಮರುದಿನವೇ "ಏನೂ ಆಗಲಿಲ್ಲ ಬಿಡ್ರಿ" ಎನ್ನಬಾರದು.

ಇರುವೆಯನ್ನು ಬಿಟ್ಟು ತಿಗಣೆಯನ್ನು ಮಾತ್ರ ಹಿಡಿದರೆ ಕೆಲಸ ಅರ್ಧ. ಸಿಹಿಯ ಆಸೆಗೆ ಇರುವೆ ತಿಗಣೆಯನ್ನು ಕಾಯುತ್ತದೆ, ಗುಲಗಂಜಿ ಹುಳುವನ್ನು ಓಡಿಸುತ್ತದೆ. ಬೆಲ್ಲದ ಡಬ್ಬಿಯನ್ನು ನೀರಿನ ತಾಟಿನಲ್ಲಿ ಇಡುತ್ತೇವಲ್ಲ, ಹಾಗೆ ಕುಂಡವನ್ನು ತಾಟಿನಲ್ಲಿ ಇಟ್ಟಿಗೆ ಮೇಲೆ ಇಡಿ. ಕುಂಡದ ತಳ ನೀರಿಗೆ ತಾಗಬಾರದು, ಎಲೆ ಗೋಡೆಗೂ ತಾಗಬಾರದು. ತಾಟಿನ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ, ಇಲ್ಲವಾದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಈ ನೀರಿನಿಂದ ಬಿಗೋನಿಯಾಕ್ಕೆ ಸುತ್ತ ತಂಪೂ ಸಿಗುತ್ತದೆ.

ಮೇಲೆ ಒಂದೂ ಹುಳ ಇಲ್ಲದೆ ಗಿಡ ಬಾಡುತ್ತ ಬಂದರೆ ಕುಂಡದಿಂದ ಬೇರುಂಡೆ ಎಬ್ಬಿಸಿ ನೋಡಿ. ಬೇರಿಗೆ ಬಿಳಿ ಹಿಟ್ಟು ಹತ್ತಿದ್ದರೆ ಅದು ಬೇರಿನ ತಿಗಣೆ. ಬೇರಿನಲ್ಲಿ ಗಂಟುಗಳಿದ್ದರೆ ದಾಳಿಂಬೆ, ಬದನೆಗೆ ಬರುವ ಅದೇ ಬೇರುಗಂಟಿನ ಜಂತು. ಎರಡಕ್ಕೂ ಮಣ್ಣು ಬಿಸಾಡಿ, ಗಟ್ಟಿ ಟೊಂಗೆಯೊಂದನ್ನು ಹೊಸ ಮಣ್ಣಿಗೆ ಹಚ್ಚುವುದೇ ದಾರಿ. ಜಂತಿನ ಮಣ್ಣನ್ನು ಕಾಯಿಪಲ್ಲೆ ಮಡಿಗೆ ಮಾತ್ರ ಸುರಿಯಬೇಡಿ.

ಬೇಸಿಗೆಯ ಕೆಂಪು ನುಸಿ

ಫೆಬ್ರುವರಿ ಕಳೆದ ಮೇಲೆ ನಮ್ಮಲ್ಲಿ ಬಿಗೋನಿಯಾ ಸಾಯುವುದು ಬಿಸಿಲಿಗೆ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಉಳಿದರ್ಧ ಕೆಂಪು ನುಸಿಯ ಕೆಲಸ. ಇದು ಹುಳುವಿನ ಜಾತಿಯಲ್ಲ, ಎಂಟು ಕಾಲಿನ ಜೇಡನ ಬಳಗ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಹಳದಿ ಚುಕ್ಕೆ ಬಿದ್ದು, ಎಲೆ ಮಂಕಾಗಿ, ತಳದಲ್ಲಿ ಧೂಳು ಹಿಡಿದ ತೆಳು ಬಲೆ ಕಾಣುತ್ತದೆ. ಬಿಳಿ ಹಾಳೆಯ ಪರೀಕ್ಷೆ ಮುಖ್ಯವಾಗಿ ಇದಕ್ಕಾಗಿಯೇ. ಹಾಳೆಯ ಮೇಲೆ ಓಡುವ ಚುಕ್ಕೆಯನ್ನು ಒರೆಸಿದರೆ ಕೆಂಪು ಗೀರು ಬೀಳುತ್ತದೆ. ಒಣ ಸೆಕೆಯಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ ಹತ್ತು ದಿನ ಸಾಕು, ಆದ್ದರಿಂದಲೇ ಕಣ್ಣೆದುರಿಗೆ ಎದ್ದು ಬಿಡುತ್ತದೆ.

ಇದಕ್ಕೆ ಸೈಪರ್‌ಮೆಥ್ರಿನ್‌ನಂಥ ಹೊಲದ ಔಷಧ ಹೊಡೆದರೆ ನುಸಿ ಹೆಚ್ಚುತ್ತದೆ, ಇಳಿಯುವುದಿಲ್ಲ. ನುಸಿಯನ್ನು ತಿನ್ನುವ ಜೀವಿಗಳು ಸಾಯುತ್ತವೆ, ನುಸಿ ಉಳಿಯುತ್ತದೆ. ಬದನೆ, ಹತ್ತಿಯಲ್ಲೂ ಇದನ್ನು ಕಂಡವರಿದ್ದಾರೆ. ನುಸಿಗೆ ಆಗದ್ದು ನೀರು. ಎಲೆಯ ತಳವನ್ನು ಎರಡು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ನೀರಿನಿಂದ ಜೋರಾಗಿ ತೊಳೆಯಿರಿ, ಬಲೆ ಹರಿಯಿರಿ. ಕುಂಡವನ್ನು ಪಶ್ಚಿಮದ ಬಿಸಿಲಿನಿಂದ ಸರಿಸಿ ಉತ್ತರದ ಅಥವಾ ಪೂರ್ವದ ಗೋಡೆಗೆ ತನ್ನಿ, ನೀರಿನ ಹರವಿ ಇಡುವ ಜಾಗ ಸಿಕ್ಕರೆ ಎಲ್ಲಕ್ಕಿಂತ ಉತ್ತಮ. ನೀರಿನಲ್ಲಿ ಕರಗುವ ಗಂಧಕ ನುಸಿಗೆ ಒಳ್ಳೆಯದೇ, ಆದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ಅದು ಬಿಗೋನಿಯಾದ ಎಲೆಯನ್ನೂ ಸುಡುತ್ತದೆ.

ಮೆಣಸಿನಕಾಯಿ ಬೆಳೆದವರಿಗೆ ಇನ್ನೊಂದು ನುಸಿ ಗೊತ್ತು. ಮುಟುರು ಬಿದ್ದ ಎಲೆ ಮೇಲಕ್ಕೆ ದೋಣಿಯಾದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಹಳದಿ ಮೈಟ್ ಎಂದು ಹೊಲದಲ್ಲಿ ನಿಂತೇ ಹೇಳುತ್ತಾರೆ. ಆ ಹಳದಿ ಮೈಟ್ ಬಿಗೋನಿಯಾಕ್ಕೂ ಬರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಸುಳಿ ಎಲೆ ಸಣ್ಣದಾಗಿ, ಬಿರುಸಾಗಿ, ಅಂಚು ಮಡಚಿ, ಕಂಚಿನ ಬಣ್ಣಕ್ಕೆ ತಿರುಗಿದರೆ ಅದೇ. ಸುಳಿ ಚಿವುಟಿ ಸುಟ್ಟು, ಬೇವಿನ ಕಷಾಯ ಕೊಡಿ. ಮೆಣಸಿನ ಮಡಿಯಲ್ಲಿ ಕೆಲಸ ಮಾಡಿದ ಕೈ ತೊಳೆಯದೆ ಕುಂಡ ಮುಟ್ಟುವುದೂ ಇದಕ್ಕೆ ದಾರಿ. ಥ್ರಿಪ್ಸ್ ಬಂದರೆ ಎಲೆಯ ನರದ ಗುಂಟ ಬೆಳ್ಳಿಯಂಥ ಕಂದು ಗೀರು, ಹೂವಿನ ದಳದಲ್ಲಿ ಕಲೆ. ಹತ್ತಿದ ಹೂ ಮೊಗ್ಗು ಕಿತ್ತು ಸುಟ್ಟುಬಿಡಿ.

ಹೇನು ಮತ್ತು ಬಿಳಿ ನೊಣ ಸುಲಭದವು. ಹೇನು ಎಳೆ ಸುಳಿಯಲ್ಲಿ ಹಸಿರಾಗಿಯೋ ಕಪ್ಪಾಗಿಯೋ ಗುಂಪು ಕೂತಿರುತ್ತದೆ, ನೀರಿನ ಹೊಡೆತಕ್ಕೆ ಬಿದ್ದರೆ ಬಹುಪಾಲು ಮತ್ತೆ ಹತ್ತುವುದಿಲ್ಲ. ಯೂರಿಯಾ ಚಿಟಿಕೆ ಚಿಟಿಕೆ ಹಾಕುವ ಮನೆಗಳಲ್ಲಿ ಇದು ಹೆಚ್ಚು, ಮೆತ್ತಗಿನ ಚಿಗುರು ಇದಕ್ಕೆ ಹಬ್ಬದೂಟ. ಬಿಳಿ ನೊಣ ಗಿಡ ಅಲ್ಲಾಡಿಸಿದ ಕೂಡಲೆ ಹಾರುತ್ತದೆ. ಹಳದಿ ತಗಡಿಗೆ ಹರಳೆಣ್ಣೆ ಸವರಿ ಕುಂಡದ ಹತ್ತಿರ ಇಟ್ಟರೆ ಅಂಟಿಕೊಳ್ಳುತ್ತದೆ. ಹಿತ್ತಲಲ್ಲಿ ಬೆಂಡೆ ಇದ್ದರೆ ಅಲ್ಲೂ ನೋಡಿ, ಬೆಂಡೆಯ ಹಳದಿ ನರರೋಗ ಹೊತ್ತು ತಿರುಗುವುದು ಇದೇ ನೊಣ. ಕುಂಡದ ಮಣ್ಣಿನಿಂದ ಏಳುವ ಕರಿ ಸಣ್ಣ ನೊಣಕ್ಕೆ ಮಣ್ಣಿನ ಮೇಲ್ಪದರ ಒಣಗುವ ತನಕ ನೀರು ನಿಲ್ಲಿಸುವುದೇ ಔಷಧ.

ಹೊಲದ ಎಣ್ಣೆ ಹೊಸ್ತಿಲು ದಾಟಬಾರದು

ಬಾಟಲಿಯ ಮೇಲಿನ ತ್ರಿಕೋನ ನೋಡುವ ರೂಢಿ ಎಲ್ಲರಿಗೂ ಇರಬೇಕು. ಕೆಂಪು ಅತಿ ಭಾರಿ ವಿಷ, ಹಳದಿ ಭಾರಿ ವಿಷ, ನೀಲಿ ಅದಕ್ಕಿಂತ ಕಡಿಮೆ, ಹಸಿರು ಇನ್ನೂ ಕಡಿಮೆ. ಹಸಿರು ಎಂದರೆ ವಿಷವೇ ಅಲ್ಲ ಎಂದಲ್ಲ. ಹಳೇ ಬಾಟಲಿಗಳು ಅಟ್ಟದ ಮೇಲೆ ಎಷ್ಟೋ ಮನೆಗಳಲ್ಲಿ ಉಳಿದಿವೆ. ಡೈಕ್ಲೋರ್ವಾಸ್, ಫೋರೇಟ್, ಟ್ರಯಜೋಫಾಸ್ ಇವನ್ನು ಸರಕಾರ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಫೋರೇಟ್ ಹರಳನ್ನು ಕುಂಡದ ಮಣ್ಣಿಗೆ ಚಿಟಿಕೆ ಹಾಕುವ ಪದ್ಧತಿ ನರ್ಸರಿಗಳಲ್ಲಿ ಇತ್ತು, ಮನೆಗಳಿಗೂ ಬಂದಿತ್ತು. ಅದು ನೀರಲ್ಲಿ ಕರಗಿ ಗಿಡದ ಮೈಯೆಲ್ಲ ಏರುವ ವಿಷ. ಪಕ್ಕದ ಕುಂಡದ ಕರಿಬೇವನ್ನು ನಾವು ಒಗ್ಗರಣೆಗೆ ಹಾಕುತ್ತೇವೆ, ಅಂಗಳದ ಮಣ್ಣನ್ನು ಕೂಸು ಬಾಯಿಗಿಡುತ್ತದೆ.

ಬಾಗಿಲು ಮುಚ್ಚುವ ಜಾಗದಲ್ಲಿ ಹೊಡೆದ ಔಷಧದ ಹಬೆ ಹೊಲದಂತೆ ಗಾಳಿಗೆ ಹೋಗುವುದಿಲ್ಲ, ಹಾಸಿಗೆ ಬಟ್ಟೆಗೆ ಹತ್ತುತ್ತದೆ. ಕುಡಿಯುವ ನೀರಿನ ಬಾಟಲಿಗೆ, ಔಷಧದ ಹಳೇ ಶೀಶೆಗೆ ಇದನ್ನು ಸುರಿದಿಡುವುದಂತೂ ಕೊಲೆಗೆ ಸಮ. ಯಾರಾದರೂ ತಪ್ಪಿ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ನೀರಿನಿಂದ ತೊಳೆದು, ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ದವಾಖಾನೆಗೆ ಓಡಬೇಕು. ಯಾವ ವಿಷ ಎಂದು ವೈದ್ಯರಿಗೆ ಮೊದಲು ತಿಳಿಯಬೇಕಾಗುತ್ತದೆ.

ಹೊಸ ಟೊಂಗೆ ಬಂದಾಗ

ನಮ್ಮಲ್ಲಿ ಗಿಡ ಕೊಂಡು ತರುವುದು ಕಡಿಮೆ, ಬೇಡಿ ತರುವುದೇ ಹೆಚ್ಚು. "ಅಕ್ಕಾರ, ನಿಮ್ಮ ಗಿಡದ ಒಂದ ಟೊಂಗಿ ಕೊಡ್ರಿ" ಎಂದರೆ ಇಲ್ಲ ಎನ್ನುವ ಮನೆ ಬೀಳಗಿಯಲ್ಲಿ ಸಿಗಲಿಕ್ಕಿಲ್ಲ. ಹುಳವೂ ಅದೇ ಟೊಂಗೆಯ ಮೇಲೆ ಬರುತ್ತದೆ. ಹತ್ತಿಯ ಹಿಟ್ಟು ತಿಗಣೆ ಹೊರದೇಶದಿಂದ ಬಂದು 2005ರ ನಂತರ ಇಲ್ಲಿ ಹಬ್ಬಿದ ಮೇಲೆ ದಾಸವಾಳ, ಪಾರ್ಥೇನಿಯಂ ಅದಕ್ಕೆ ವರ್ಷವಿಡೀ ಆಸರೆ. ಹತ್ತಿ ಕಿತ್ತ ಮೇಲೂ ಅದು ಊರೊಳಗೆ ಉಳಿಯುತ್ತದೆ. ಆದ್ದರಿಂದ ತಂದ ಟೊಂಗೆಯನ್ನು ಮೊದಲು ಸಾಬೂನಿನ ನೀರಲ್ಲಿ ಅದ್ದಿ ತೊಳೆದು, ಹಚ್ಚಿ, ಮೂರು ವಾರ ಬೇರೆ ಕಡೆ ಇಟ್ಟು ನೋಡಿ. ನರ್ಸರಿ ಚೀಲದ ಗಿಡವಾದರೆ ಬೇರನ್ನೂ ನೋಡಬೇಕು. ಕೊಡುವವರೂ ಹುಳ ಇದ್ದರೆ ಬಾಯಿಬಿಟ್ಟು ಹೇಳಿದರೆ ಒಳ್ಳೆಯದು.

ಗುರುತು ಸಿಗದ ಹುಳ ಬಂದರೆ ನಾಲ್ಕು ಎಲೆಯನ್ನು ಹುಳ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ. ಚೀಲದ ಬಾಯಿ ಗಟ್ಟಿಯಾಗಿ ಕಟ್ಟಿರಲಿ, ಬಸ್ಸಿನಲ್ಲಿ ಪಕ್ಕದವರ ಬುಟ್ಟಿಯಲ್ಲೂ ಬದನೆ ಸಸಿ ಇದ್ದೀತು.